ಬೆಳಕಿನ ಮಾಡ್ಯುಲೇಟರ್ ಆರಿಸುವಾಗ ಹೀಟರ್ ಕಾಲಂ ಮರೀಬೇಡಿ

ನನ್ನ ತಂಗಿಯ ಮಗ ಪುಣೆಯಲ್ಲಿದ್ದಾನೆ. ಹಿಂಜವಡಿಯಲ್ಲಿ ಹನ್ನೆರಡು ಜನರ ಸಣ್ಣ ಕಂಪನಿ. ಡೇಟಾ ಸೆಂಟರ್‌ಗಳಿಗೆ ಫೈಬರ್ ಲಿಂಕ್ ಕಾರ್ಡು ಮಾಡಿಕೊಡುವ ಕೆಲಸ. ಹೋದ ಭಾನುವಾರ ಡೊಂಬಿವಲಿಯ ನಮ್ಮ ಮನೆಗೆ ಬಂದವನು ಊಟಕ್ಕೆ ಮೊದಲೇ ಲ್ಯಾಪ್‌ಟಾಪ್ ತೆಗೆದ. "ಮಾಮಾ, ಹೊಸ ಕಾರ್ಡಿಗೆ ಮಾಡ್ಯುಲೇಟರ್ ಆರಿಸಿ ಆಯ್ತು. ನೀವು ಸುಮ್ನೆ ಒಮ್ಮೆ ನೋಡಿ" ಅಂದ.

ಎಕ್ಸೆಲ್ ಹಾಳೆಯಲ್ಲಿ ಆರು ಸಾಲು, ಒಂದೊಂದು ಬಗೆಯ ಮಾಡ್ಯುಲೇಟರಿಗೆ (ಫೈಬರಿಗೆ ಹೋಗುವ ಬೆಳಕನ್ನು ಬಿಟ್ಟು ತಡೆಯುವ ಭಾಗ) ಒಂದೊಂದು. ಒಂದು ಬಿಟ್ ಕಳಿಸಲು ಎಷ್ಟು ಶಕ್ತಿ ಅನ್ನುವ ಕಾಲಂನಲ್ಲಿ ಸಿಲಿಕಾನ್ ರಿಂಗ್ ಎದುರು 20 ಫೆಮ್ಟೊಜೂಲ್. ಸಿಲಿಕಾನ್ ಮಾಖ್-ಝೆಂಡರ್ ಎದುರು 400. ರಿಂಗಿನ ಸಾಲಿಗೆ ಹಸಿರು ಬಳಿದು ಗೆಲ್ಲಿಸಿಯೇ ಬಿಟ್ಟಿದ್ದ.

"ಹೀಟರ್ ಕಾಲಂ ಎಲ್ಲಿ?" ಅಂದೆ.

"ಯಾವ ಹೀಟರ್?"

ಮಾತು ಅಲ್ಲಿಂದ ಶುರುವಾದದ್ದು, ರೊಟ್ಟಿ ತಣ್ಣಗಾದರೂ ನಿಲ್ಲಲಿಲ್ಲ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ನಾನು ಚಿಪ್ ಮಾಡುವವನಲ್ಲ. ಐರೋಲಿಯ ಡೇಟಾ ಸೆಂಟರ್ ಒಂದರಲ್ಲಿ ಇಂಥವನ್ನು ಚುಚ್ಚಿ, ಕಿತ್ತು, ಬಿಸಿ ನೋಡಿ, ಕರೆಂಟಿನ ಲೆಕ್ಕ ಬರೆಯುವವನು. ಹಾಗಾಗಿ ನನ್ನ ಹೋಲಿಕೆ ಲ್ಯಾಬಿನ ಕಡೆಯಿಂದ ಅಲ್ಲ, ಮೀಟರಿನ ಕಡೆಯಿಂದ.

ಮೊದಲು ಲೆಕ್ಕದ ಭಾಷೆ

ಲೇಸರ್ ಒಂದೇ ಸಮನೆ ಬೆಳಗುತ್ತಿರುತ್ತದೆ. ಅದರ ಮುಂದೆ ನಿಂತು ಬೆಳಕನ್ನು ಬಿಡುವುದು, ತಡೆಯುವುದು, ಸೆಕೆಂಡಿಗೆ ಐವತ್ತು ಸಾವಿರ ಕೋಟಿ ಸಲ ಅಲ್ಲದಿದ್ದರೂ ಐದು ಸಾವಿರ ಕೋಟಿ ಸಲ, ಇದು ಮಾಡ್ಯುಲೇಟರ್ ಕೆಲಸ. ಕೆರೆಯ ತೂಬು ಇದ್ದ ಹಾಗೆ. ಲೇಸರನ್ನೇ ಆನ್-ಆಫ್ ಮಾಡಿದರೆ ಆಗಲ್ವಾ ಅಂದರೆ, ಆಗುತ್ತದೆ. ಒಂದೇ ಹಾಲಿನೊಳಗೆ ನೂರು ಮೀಟರ್ ಒಳಗಿನ ಲಿಂಕ್‌ಗಳಿಗೆ ವಿಕ್ಸೆಲ್ ಲೇಸರ್‌ಗಳು ಹೀಗೇ ಕೆಲಸ ಮಾಡುತ್ತವೆ, ಅಗ್ಗಕ್ಕೂ ಸಿಗುತ್ತವೆ. ಆದರೆ ಲೇಸರಿನ ಕರೆಂಟು ಏರಿಳಿಸಿದಾಗ ಅದರ ಬಣ್ಣವೂ (ಅಂದರೆ ತರಂಗಾಂತರವೂ) ಚೂರು ಏರಿಳಿಯುತ್ತದೆ. ಇದಕ್ಕೆ ಚಿರ್ಪ್ ಅಂತಾರೆ. ದೂರ ಹೋದಂತೆ ಅದೇ ಮುಳುವಾಗುತ್ತದೆ.

ಶಕ್ತಿಯ ಲೆಕ್ಕ ಬಾಯಿಪಾಠ ಮಾಡಿಟ್ಟುಕೊಳ್ಳುವಷ್ಟು ಸುಲಭ. ಸೆಕೆಂಡಿಗೆ 1 ಗಿಗಾಬಿಟ್ ಕಳಿಸಲು 1 ಮಿಲಿವಾಟ್ ಬೇಕಾದರೆ ಅದು ಪ್ರತಿ ಬಿಟ್‌ಗೆ 1 ಪಿಕೊಜೂಲ್. ಪಿಕೊದ ಸಾವಿರದ ಒಂದು ಪಾಲು ಫೆಮ್ಟೊ. ಫೈಬರ್ ಚುಚ್ಚುವ 800 ಗಿಗಾಬಿಟ್‌ನ ಒಂದು ಮಾಡ್ಯೂಲ್ 16 ವಾಟ್ ತಿಂದರೆ ಪ್ರತಿ ಬಿಟ್‌ಗೆ 20 ಪಿಕೊಜೂಲ್ ಆಯಿತು. 51.2 ಟೆರಾಬಿಟ್‌ನ ಒಂದು ನೆಟ್‌ವರ್ಕ್ ಸ್ವಿಚ್‌ಗೆ ಇಂಥವು 64 ಬೇಕು. ಅಲ್ಲಿಗೆ 1024 ವಾಟ್, ಬರೀ ಮಾಡ್ಯೂಲ್‌ಗಳಿಗೆ. ಹಗಲೂ ರಾತ್ರಿ ಉರಿದರೆ ವರ್ಷಕ್ಕೆ ಸುಮಾರು 9 ಸಾವಿರ ಯೂನಿಟ್. ಯೂನಿಟ್‌ಗೆ 10 ರೂಪಾಯಿ ಅಂತ ಹಿಡಿಯಿರಿ, ಒಂದು ಸ್ವಿಚ್‌ಗೆ 90 ಸಾವಿರ. ಆ ಬಿಸಿಯನ್ನು ಹೊರಗೆ ಹಾಕುವ ಖರ್ಚು ಬೇರೆ. ನವಿ ಮುಂಬಯಿಯ ಸೆಖೆಯಲ್ಲಿ ಅದೇನೂ ಕಡಿಮೆ ಇಲ್ಲ.

ಈಗ ನೋಡಿ, 20 ಪಿಕೊಜೂಲ್ ಅಂದರೆ 20 ಸಾವಿರ ಫೆಮ್ಟೊಜೂಲ್. ಅದರಲ್ಲಿ ಹುಡುಗ ಜಗಳವಾಡುತ್ತಿದ್ದದ್ದು 20 ಮತ್ತು 400ರ ನಡುವೆ! ಉಳಿದದ್ದೆಲ್ಲ ಎಲ್ಲಿ ಹೋಗುತ್ತದೆ? ಅರ್ಧಕ್ಕೆ ಹತ್ತಿರ ಸಿಗ್ನಲಿನ ತಪ್ಪು ತಿದ್ದುವ ಡಿಎಸ್‌ಪಿ ಚಿಪ್ ತಿನ್ನುತ್ತದೆ. ಮಿಕ್ಕಿದ್ದನ್ನು ಲೇಸರ್, ಮಾಡ್ಯುಲೇಟರಿಗೆ ವೋಲ್ಟೇಜ್ ಕೊಡುವ ಡ್ರೈವರ್, ರಿಸೀವರ್, ಹೀಟರ್, ಕೂಲರ್ ಹಂಚಿಕೊಳ್ಳುತ್ತವೆ. ಮಾಡ್ಯುಲೇಟರ್ ತಾನೇ ತಿನ್ನುವುದು ಚಿಟಿಕೆಯಷ್ಟು. ಆದರೆ ಬೇರೆಯವರು ಎಷ್ಟು ತಿನ್ನಬೇಕು ಅನ್ನುವುದನ್ನು ನಿರ್ಧರಿಸುವುದು ಅದೇ. ಮದುವೆ ಮನೆಯಲ್ಲಿ ಮದುಮಗ ಉಣ್ಣುವುದು ಒಂದೇ ಎಲೆ. ಪಂಕ್ತಿ ಎಷ್ಟು ಅನ್ನುವುದು ಅವನ ಕಡೆಯವರ ಮೇಲೆ.

ಹಾಗಾಗಿ ಮಾಡ್ಯುಲೇಟರ್ ಹೋಲಿಸುವಾಗ ನಾನು ಕೇಳುವುದು ನಾಲ್ಕೇ ಮಾತು. ಎಷ್ಟು ವೋಲ್ಟ್ ಬೇಕು? ಒಳಗೆ ಎಷ್ಟು ಬೆಳಕು ನಷ್ಟ? ಬಿಸಿಗೆ ಹೇಗೆ ನಡೆದುಕೊಳ್ಳುತ್ತದೆ? ಎಷ್ಟು ದೂರ ಹೋಗಬೇಕು? ಗಾತ್ರ ಆಮೇಲೆ.

ಸಿಲಿಕಾನ್ ಮಾಖ್-ಝೆಂಡರ್: ಉದ್ದ, ಆದರೆ ಸಾಧು

ಲುಡ್ವಿಗ್ ಝೆಂಡರ್ ಮತ್ತು ಲುಡ್ವಿಗ್ ಮಾಖ್ 1891-92ರಲ್ಲಿ ಮಾಡಿದ ಉಪಕರಣದ ಮೊಮ್ಮಗ ಇದು. ಬೆಳಕು ಎರಡು ಕವಲಾಗುತ್ತದೆ, ಮತ್ತೆ ಕೂಡುತ್ತದೆ. ಒಂದು ಕವಲಿನಲ್ಲಿ ವೋಲ್ಟೇಜ್ ಕೊಟ್ಟು ಬೆಳಕನ್ನು ಚೂರೇ ಚೂರು ನಿಧಾನ ಮಾಡುತ್ತಾರೆ. ಕೂಡುವ ಕಡೆ ಅಲೆಯ ಏರಿಗೆ ಏರು ಸೇರಿದರೆ ಬೆಳಕು, ಏರಿಗೆ ಇಳಿವು ಸೇರಿದರೆ ಕತ್ತಲೆ.

ಸಿಲಿಕಾನಿನ ಕೊರತೆ ಅಂದರೆ ಅದರ ಹರಳಿನ ರಚನೆ ಎರಡೂ ಕಡೆಗೆ ಸಮ. ಅದಕ್ಕೆ ಫ್ರೀಡ್ರಿಕ್ ಪಾಕೆಲ್ಸ್ 1893ರಲ್ಲಿ ವಿವರಿಸಿದ ಪರಿಣಾಮ, ಅಂದರೆ ವೋಲ್ಟೇಜ್ ಕೊಟ್ಟ ತಕ್ಷಣ ಬೆಳಕಿನ ವೇಗ ಬದಲಾಗುವುದು, ಇದರಲ್ಲಿ ಇಲ್ಲ. ಬದಲಿಗೆ ಎಲೆಕ್ಟ್ರಾನ್‌ಗಳನ್ನು ಒಳಗೆ ತುಂಬಿ ಹೊರಗೆ ತೆಗೆದು ವೇಗ ಬದಲಾಯಿಸುತ್ತಾರೆ. ಸೊರೆಫ್ ಮತ್ತು ಬೆನೆಟ್ 1987ರಲ್ಲಿ ಇದರ ಲೆಕ್ಕ ಕೊಟ್ಟರು. 2004ರಲ್ಲಿ ಇಂಟೆಲ್‌ನವರು 1 ಗಿಗಾಹರ್ಟ್ಸ್ ದಾಟಿದ ಸಿಲಿಕಾನ್ ಮಾಡ್ಯುಲೇಟರ್ ತೋರಿಸಿದರು. ಆದರೆ ಈ ಉಪಾಯಕ್ಕೆ ಎರಡು ದಂಡ. ಪರಿಣಾಮ ಸಣ್ಣದು, ಹಾಗಾಗಿ ಕವಲು ಕೆಲವು ಮಿಲಿಮೀಟರ್ ಉದ್ದ ಬೇಕು. ಜೊತೆಗೆ ಆ ಎಲೆಕ್ಟ್ರಾನ್‌ಗಳೇ ಬೆಳಕನ್ನು ನುಂಗುತ್ತವೆ.

ಕರೆಂಟಿನ ಲೆಕ್ಕ ಹೀಗೆ. ಇಷ್ಟು ಉದ್ದದ ಕವಲಿಗೆ ಸಿಗ್ನಲ್ ಓಡಬೇಕಾದರೆ ಕೊನೆಗೆ 50 ಓಮ್‌ನ ರೆಸಿಸ್ಟರ್ ಹಾಕುತ್ತಾರೆ. ಮೇಲೆ 1 ವೋಲ್ಟ್, ಕೆಳಗೆ 1 ವೋಲ್ಟ್ ಅಂತ ಆಡಿಸಿದರೆ ಅದರಲ್ಲಿ 20 ಮಿಲಿವಾಟ್ ಸುಟ್ಟುಹೋಗುತ್ತದೆ. ಸೆಕೆಂಡಿಗೆ 50 ಗಿಗಾಬಿಟ್ ಆದರೆ ಬಿಟ್‌ಗೆ 400 ಫೆಮ್ಟೊಜೂಲ್. ಹುಡುಗನ ಹಾಳೆಯ ಅಂಕಿ ಬಂದದ್ದು ಇಲ್ಲಿಂದಲೇ. ವೋಲ್ಟೇಜ್ ದುಪ್ಪಟ್ಟಾದರೆ ಇದು ನಾಲ್ಕು ಪಟ್ಟು. ವೋಲ್ಟಿನ ಮಾತು ಮೊದಲು ಕೇಳಬೇಕು ಅನ್ನುವುದು ಅದಕ್ಕೇ.

ಒಳ್ಳೆಯದು? ಬಣ್ಣದ ಬಗ್ಗೆ ತಕರಾರಿಲ್ಲ. ಲೇಸರ್ ಒಂದಿಷ್ಟು ಅತ್ತಿತ್ತ ಆದರೂ, ಚಿಪ್ ಹತ್ತು ಡಿಗ್ರಿ ಬಿಸಿಯಾದರೂ ನಡೆಸಿಕೊಂಡು ಹೋಗುತ್ತದೆ. ಎರಡೂ ಕವಲು ಒಟ್ಟಿಗೆ ಬಿಸಿಯಾಗುತ್ತವಲ್ಲ, ವ್ಯತ್ಯಾಸ ಅಷ್ಟಕ್ಕಷ್ಟೇ. ಇದಕ್ಕೂ ಸರಿಯಾದ ಜಾಗದಲ್ಲಿ ನಿಲ್ಲಿಸಲು ಒಂದು ಪುಟ್ಟ ಹೀಟರ್ ಬೇಕು. ಆದರೆ ಅದು ನಿಧಾನಕ್ಕೆ ಜಾರುವಂಥದ್ದು, ನಿಧಾನಕ್ಕೆ ತಿದ್ದಿದರೆ ಸಾಕು.

ಸಿಲಿಕಾನ್ ರಿಂಗ್: ಕೂದಲಿಗಿಂತ ಸಣ್ಣದು, ಕೋಪ ಜಾಸ್ತಿ

2005ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಮಿಖಾಲ್ ಲಿಪ್ಸನ್ ಅವರ ತಂಡ 12 ಮೈಕ್ರೊಮೀಟರ್ ಅಡ್ಡಳತೆಯ ಒಂದು ಸಿಲಿಕಾನ್ ಉಂಗುರ ತೋರಿಸಿತು. ನೇರ ದಾರಿಯ ಪಕ್ಕದಲ್ಲಿ ಒಂದು ಬಳೆ. ಬಳೆಯ ಸುತ್ತಳತೆಗೆ ಸರಿಹೊಂದುವ ಬಣ್ಣದ ಬೆಳಕು ಒಳಗೆ ಸಿಕ್ಕಿ ಸುತ್ತುತ್ತದೆ, ಉಳಿದ ಬಣ್ಣಗಳು ಸುಮ್ಮನೆ ಮುಂದೆ ಹೋಗುತ್ತವೆ. ವೋಲ್ಟೇಜ್ ಕೊಟ್ಟಾಗ ಆ ಬಣ್ಣ ಚೂರು ಸರಿಯುತ್ತದೆ, ಆಗ ಬೆಳಕು ಬಿಡುಗಡೆ. ಬೆಳಕು ಅದೇ ದಾರಿಯಲ್ಲಿ ಹತ್ತಾರು ಸಲ ಸುತ್ತುವುದರಿಂದ ಮಿಲಿಮೀಟರ್ ಉದ್ದದ ಕೆಲಸ ಒಂದು ಬಳೆಯಲ್ಲಿ ಮುಗಿಯುತ್ತದೆ.

ಇಷ್ಟು ಪುಟ್ಟದಕ್ಕೆ 50 ಓಮ್ ಬೇಡ. 20 ಫೆಮ್ಟೊಫ್ಯಾರಡ್‌ನ ಒಂದು ಕೆಪಾಸಿಟರ್ ತುಂಬಿ ಖಾಲಿ ಮಾಡಿದಷ್ಟೇ ಖರ್ಚು. 2 ವೋಲ್ಟ್‌ಗೆ ಬಿಟ್‌ಗೆ 20 ಫೆಮ್ಟೊಜೂಲ್. ಹುಡುಗನ ಅಂಕಿ ಸುಳ್ಳಲ್ಲ. ಇನ್ನೊಂದು ದೊಡ್ಡ ಲಾಭವೂ ಇದೆ. ಒಂದೇ ದಾರಿಯ ಪಕ್ಕ ಎಂಟು ಬಳೆ ಎಂಟು ಅಳತೆಯಲ್ಲಿ ಸಾಲಾಗಿ ಇಟ್ಟರೆ ಎಂಟು ಬಣ್ಣ ಬೇರೆ ಬೇರೆ ಮಾತಾಡುತ್ತವೆ. ಬಣ್ಣ ಕೂಡಿಸುವ ಡಬ್ಬಿ ಬೇರೆ ಬೇಡ. 2025ರಲ್ಲಿ ಎನ್‌ವಿಡಿಯಾ ಸ್ವಿಚ್ ಚಿಪ್‌ನ ಪಕ್ಕದಲ್ಲೇ ಬೆಳಕಿನ ಎಂಜಿನ್ ಕೂರಿಸಿದ ಸ್ವಿಚ್‌ಗಳನ್ನು ಪ್ರಕಟಿಸಿದಾಗ ರಿಂಗನ್ನೇ ಆರಿಸಿಕೊಂಡದ್ದು ಸುಮ್ನೆ ಅಲ್ಲ.

ಆದರೆ ಸಿಲಿಕಾನ್ ಬಿಸಿಗೆ ಬಹಳ ಸೂಕ್ಷ್ಮ. ಒಂದು ಡಿಗ್ರಿ ಏರಿದರೆ ರಿಂಗಿನ ಬಣ್ಣ ಸುಮಾರು 0.07 ನ್ಯಾನೊಮೀಟರ್ ಸರಿಯುತ್ತದೆ. ಅದು ಹಿಡಿಯುವ ಬಣ್ಣದ ಅಗಲವೇ 0.15 ನ್ಯಾನೊಮೀಟರ್ ಆಸುಪಾಸು. ಎರಡು ಡಿಗ್ರಿಗೆ ಆಟ ಮುಗಿಯಿತು! ಮನೆಯಲ್ಲಿ ನನ್ನ ಹೆಂಡತಿಯ ತಂಬೂರಿ ಇದೆ, ಮಿರಜಿನದ್ದು. ಜುಲೈ ತಿಂಗಳಲ್ಲಿ ಇಲ್ಲಿ ಶ್ರುತಿ ಕೂಡಿಸಿ ಚಹಾ ಕುಡಿದು ಬರುವಷ್ಟರಲ್ಲಿ ಇಳಿದಿರುತ್ತದೆ. ರಿಂಗ್ ಅದರ ಅಕ್ಕ. ಒಂದು ಚಿಪ್ಪಿನಲ್ಲಿ ಇಂಥ ಮೂವತ್ತೆರಡು ತಂಬೂರಿ, ಪಕ್ಕದಲ್ಲೇ ಕುದಿಯುವ ಸ್ವಿಚ್ ಚಿಪ್. ಪ್ರತಿಯೊಂದಕ್ಕೂ ಯಾರೋ ಒಬ್ಬರು ಸದಾ ಕಿವಿಗೊಟ್ಟು ಬಿರಡೆ ತಿರುಗಿಸುತ್ತಾ ಕೂತಿರಬೇಕು.

ಆ ಬಿರಡೆಯೇ ಹೀಟರ್. ತಯಾರಿಕೆಯಲ್ಲಿ ಬಳೆಯ ದಾರಿಯ ಅಗಲ 1 ನ್ಯಾನೊಮೀಟರ್ ಹೆಚ್ಚುಕಡಿಮೆಯಾದರೂ ಬಣ್ಣ ಸುಮಾರು ಅಷ್ಟೇ ಸರಿದಿರುತ್ತದೆ. ಆ ತಪ್ಪನ್ನೂ ಇದೇ ತಿದ್ದಬೇಕು. ತಂಪು ಮಾಡುವ ಬಿರಡೆ ಇಲ್ಲ, ಬಿಸಿ ಮಾಡುವುದೊಂದೇ ದಾರಿ. ಬಿಸಿಯಾದರೆ ಶ್ರುತಿ ಇಳಿಯುತ್ತದೆ, ಹಾಗಾಗಿ ಎಲ್ಲ ರಿಂಗನ್ನೂ ಬೇಕಾದದ್ದಕ್ಕಿಂತ ಮೇಲಿನ ಶ್ರುತಿಯಲ್ಲಿ ಹುಟ್ಟಿಸಿ ಕೆಳಗೆ ಇಳಿಸುತ್ತಾರೆ. ಒಂದಕ್ಕೆ 20 ಮಿಲಿವಾಟ್ ಅಂತ ಹಿಡಿದು 50 ಗಿಗಾಬಿಟ್‌ಗೆ ಭಾಗಿಸಿ ನೋಡಿ. 400 ಫೆಮ್ಟೊಜೂಲ್! ಮಾಡ್ಯುಲೇಟರಿನ 20, ಹೀಟರಿನ 400. ಮಾಖ್-ಝೆಂಡರ್ ಲೆಕ್ಕದ ಪಕ್ಕದಲ್ಲೇ ಬಂದು ಕೂತಿತು. ಹೀಟರಿನ ಕೆಳಗೆ ಸಿಲಿಕಾನ್ ಕೊರೆದು ಬಿಸಿ ಸೋರದಂತೆ ಮಾಡಿದರೆ ಈ ಅಂಕಿ ಚೆನ್ನಾಗಿ ಇಳಿಯುತ್ತದೆ, ಅದು ನಿಜ. ವೇಗ ಹೆಚ್ಚಿದರೂ ಬಿಟ್‌ನ ಪಾಲಿಗೆ ಬರುವುದು ಕಡಿಮೆಯಾಗುತ್ತದೆ. ಡ್ರೈವರನ್ನೂ ಕೂಡಿಸಿದರೆ ರಿಂಗ್ ಈಗಲೂ ಸಾಮಾನ್ಯವಾಗಿ ಮುಂದೆಯೇ. ಆದರೆ ಇಪ್ಪತ್ತು ಪಟ್ಟು ಅನ್ನುವ ಆಸೆ ಬಿಡಬೇಕು.

ಇನ್ನೊಂದು ಮಾತು ಎಲ್ಲರೂ ಹೇಳುವುದಿಲ್ಲ. ಬೆಳಕು ಹೆಚ್ಚು ಹೊತ್ತು ಸುತ್ತಿದರೆ ಕಡಿಮೆ ವೋಲ್ಟ್ ಸಾಕು, ಆದರೆ ಒಳಗಿದ್ದದ್ದು ಖಾಲಿಯಾಗಲೂ ಹೊತ್ತು ಬೇಕು. ಬೆಳಕು ಒಳಗೆ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವ ಅಳತೆಗೆ ಕ್ಯೂ ಅಂಶ ಅಂತಾರೆ. ಅದು 10 ಸಾವಿರ ಇರುವ ರಿಂಗಿನ ವೇಗ 1550 ನ್ಯಾನೊಮೀಟರ್‌ನಲ್ಲಿ ಸುಮಾರು 19 ಗಿಗಾಹರ್ಟ್ಸ್‌ಗೆ ನಿಂತುಬಿಡುತ್ತದೆ. 50 ದಾಟಬೇಕಾದರೆ ಕ್ಯೂ ಇಳಿಸಬೇಕು, ಆಗ ವೋಲ್ಟ್ ಏರುತ್ತದೆ. ಯಾವುದೋ ಪತ್ರಿಕೆಯ ಅತಿ ಕಡಿಮೆ ಫೆಮ್ಟೊಜೂಲ್ ಮತ್ತು ಇನ್ನೊಂದರ ಅತಿ ಹೆಚ್ಚು ವೇಗ ಒಂದೇ ರಿಂಗಿನಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ.

ನನಗೇ ಒಮ್ಮೆ ಪೆಟ್ಟು ಬಿದ್ದಿದೆ. ಒಬ್ಬ ಮಾರಾಟಗಾರರು ರಿಂಗಿನ ಪರೀಕ್ಷಾ ಬೋರ್ಡು ತಂದಿದ್ದರು. ಏಸಿ ಕೋಣೆಯಲ್ಲಿ ಎರಡು ದಿನ ಒಂದು ತಪ್ಪೂ ಇಲ್ಲ. ಮೂರನೇ ದಿನ ನಾನು ಅದನ್ನು ರ‍್ಯಾಕಿಗೆ ಹಾಕಿ ಪಕ್ಕದ ಸರ್ವರ್ ಆನ್ ಮಾಡಿದೆ. ಒಂದೇ ನಿಮಿಷ. ನಾಲ್ಕು ರಿಂಗಿನಲ್ಲಿ ಮೂರು ದಾರಿ ತಪ್ಪಿದವು. ಒಂದಂತೂ ಪಕ್ಕದ ಬಣ್ಣ ಹಿಡಿದುಕೊಂಡು ತಾನು ಸರಿಯಾಗಿಯೇ ಇದ್ದೇನೆ ಅಂತ ಹಸಿರು ದೀಪ ತೋರಿಸುತ್ತಿತ್ತು. ರಿಂಗಿನದ್ದಲ್ಲ ತಪ್ಪು, ಅದನ್ನು ಕಾಯುವ ಸರ್ಕ್ಯೂಟಿನದ್ದು. ಆದರೆ ಕೊಳ್ಳುವವನಿಗೆ ಎರಡೂ ಒಂದೇ, ಅಲ್ವಾ?

ನನ್ನ ಅಭಿಪ್ರಾಯ ಇಷ್ಟು: ಲೇಸರ್, ಸ್ವಿಚ್ ಚಿಪ್, ಕೂಲಿಂಗ್ ಮೂರೂ ನಿಮ್ಮ ಕೈಯಲ್ಲಿದ್ದರೆ ರಿಂಗ್ ತಗೊಳ್ಳಿ. ಬೇರೆಯವರ ಪೆಟ್ಟಿಗೆಗೆ ನೀವು ಕಾರ್ಡು ಮಾಡಿಕೊಡುವವರಾದರೆ ನೂರು ಸಲ ಯೋಚಿಸಿ.

ಇಎಂಎಲ್: ಹಳೆಯ ಆಳು

ಇಂಡಿಯಂ ಫಾಸ್ಫೈಡ್ ಹರಳಿನ ಮೇಲೆ ಲೇಸರ್ ಮತ್ತು ಬೆಳಕು ನುಂಗುವ ಮಾಡ್ಯುಲೇಟರ್ ಎರಡನ್ನೂ ಒಟ್ಟಿಗೆ ಬೆಳೆಸಿದರೆ ಇಎಂಎಲ್. ಪರಮಾಣುಗಳ ಹತ್ತಾರು ಪದರಗಳ ಬಾವಿಯಂಥ ರಚನೆಗೆ ವೋಲ್ಟೇಜ್ ಕೊಟ್ಟರೆ ಅದು ಬೆಳಕು ನುಂಗತೊಡಗುತ್ತದೆ. 1984ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕಂಡದ್ದು ಇದು. ನೂರಿನ್ನೂರು ಮೈಕ್ರೊಮೀಟರ್ ಉದ್ದ ಸಾಕು, ವೋಲ್ಟೇಜೂ ಕಡಿಮೆ, ಲೇಸರ್ ಬೇರೆ ಜೋಡಿಸುವ ತಲೆನೋವಿಲ್ಲ. ಲೇನಿಗೆ (ಮಾಡ್ಯೂಲಿನ ಒಂದೊಂದು ಬೆಳಕಿನ ಸಾಲಿಗೆ) 100 ಗಿಗಾಬಿಟ್‌ನಲ್ಲಿ 2 ಕಿಲೋಮೀಟರ್, 10 ಕಿಲೋಮೀಟರ್ ಓಡುವ ಮಾಡ್ಯೂಲ್‌ಗಳಲ್ಲಿ ಇದು ಎಷ್ಟೋ ಸಲ ಸಿಗುತ್ತದೆ.

ಇದಕ್ಕೂ ಬಿಸಿ ಆಗಿಬರುವುದಿಲ್ಲ. ಹಲವು ಮಾಡ್ಯೂಲ್‌ಗಳಲ್ಲಿ ಇದನ್ನು ತಣ್ಣಗಿಡಲು ಪುಟ್ಟ ಥರ್ಮೊಎಲೆಕ್ಟ್ರಿಕ್ ಕೂಲರ್ ಇರುತ್ತದೆ, ಅದೂ ಕರೆಂಟು ತಿನ್ನುತ್ತದೆ. ಸ್ವಲ್ಪ ಚಿರ್ಪ್ ಕೂಡ ಉಂಟು. ಆದರೆ ಅಂಗಡಿಯಲ್ಲಿ ಇವತ್ತು ಸಿಗುವ, ಕೆಟ್ಟರೆ ನಾಳೆ ಬದಲಿ ಸಿಗುವ ವಸ್ತು. ಅದಕ್ಕೂ ಒಂದು ಬೆಲೆ ಇದೆ.

ತೆಳು ಪದರದ ಲಿಥಿಯಂ ನಯೋಬೇಟ್: ನನಗೆ ಮನಸಾಗಿರುವುದು

ಹಳೆಯ ಟೆಲಿಕಾಂ ಮಂದಿಗೆ ಲಿಥಿಯಂ ನಯೋಬೇಟ್ ಅಂದರೆ ಗೇಣುದ್ದದ ಲೋಹದ ಡಬ್ಬಿ. ಪಾಕೆಲ್ಸ್ ಪರಿಣಾಮ ಚೆನ್ನಾಗಿರುವ ಹರಳು, ಬೆಳಕು ನುಂಗುವುದಿಲ್ಲ, ಚಿರ್ಪ್ ಇಲ್ಲ, ದಶಕಗಳ ಕಾಲ ದೂರದ ಲಿಂಕ್‌ಗಳನ್ನು ಹೊತ್ತು ನಡೆದದ್ದು. ಆದರೆ ಹರಳಿನೊಳಗೆ ಬೆಳಕಿನ ದಾರಿ ದಪ್ಪ. ಹಾಗಾಗಿ ಎಲೆಕ್ಟ್ರೋಡ್ ದೂರ, ವೋಲ್ಟೇಜ್ 4-5, ಉದ್ದ ಹಲವು ಸೆಂಟಿಮೀಟರ್.

ಆಮೇಲೆ ಈ ಹರಳನ್ನು ಕೆಲವು ನೂರು ನ್ಯಾನೊಮೀಟರ್ ದಪ್ಪಕ್ಕೆ ಸೀಳಿ ಗಾಜಿನಂಥ ಪದರದ ಮೇಲೆ ಅಂಟಿಸಲು ಕಲಿತರು. ಹಪ್ಪಳ ಒಣಹಾಕಿದ ಹಾಗೆ. ಬೆಳಕಿನ ದಾರಿ ಕಿರಿದಾಯಿತು, ಎಲೆಕ್ಟ್ರೋಡ್ ಹತ್ತಿರ ಬಂತು. 2018ರಲ್ಲಿ ಹಾರ್ವರ್ಡ್‌ನ ಮಾರ್ಕೊ ಲೊಂಚಾರ್ ಅವರ ತಂಡ ಸಾಮಾನ್ಯ ಚಿಪ್‌ಗಳ ವೋಲ್ಟೇಜಿನಲ್ಲೇ ಓಡುವ, ಸೆಕೆಂಡಿಗೆ 210 ಗಿಗಾಬಿಟ್ ಹೊತ್ತ, ಚಿಪ್ಪಿನೊಳಗೆ ಅರ್ಧ ಡಿಬಿಗಿಂತ (ಡೆಸಿಬೆಲ್, ನಷ್ಟದ ಅಳತೆ) ಕಡಿಮೆ ನಷ್ಟದ ಮಾಡ್ಯುಲೇಟರ್ ತೋರಿಸಿತು.

ಆ ನಷ್ಟದ ಅಂಕಿಯ ಮೇಲೆ ಸ್ವಲ್ಪ ನಿಲ್ಲೋಣ. ಹುಡುಗನ ಹಾಳೆಯಲ್ಲಿ ಇದಕ್ಕೂ ಕಾಲಂ ಇರಲಿಲ್ಲ. ಮಾಡ್ಯುಲೇಟರಿನಿಂದ ಹೊರಗೆ 2 ಮಿಲಿವಾಟ್ ಬೆಳಕು ಬರಬೇಕು ಅನ್ನಿ. ಒಳಗೆ 6 ಡಿಬಿ ನಷ್ಟ ಇದ್ದರೆ ನಾಲ್ಕು ಪಟ್ಟು ಹಾಕಬೇಕು, 8 ಮಿಲಿವಾಟ್. ನಷ್ಟ 1 ಡಿಬಿ ಆದರೆ ಎರಡೂವರೆ ಸಾಕು. ಲೇಸರ್ ತಾನು ತಿಂದ ಕರೆಂಟಿನಲ್ಲಿ ಹತ್ತನೇ ಒಂದು ಪಾಲು ಬೆಳಕು ಕೊಡುತ್ತದೆ ಅಂತ ಹಿಡಿದರೆ ಒಂದು ಕಡೆ 80 ಮಿಲಿವಾಟ್, ಇನ್ನೊಂದು ಕಡೆ 25. ಉಳಿತಾಯ 55 ಮಿಲಿವಾಟ್. 100 ಗಿಗಾಬಿಟ್‌ನ ಲೇನಿಗೆ ಅದು ಬಿಟ್‌ಗೆ 550 ಫೆಮ್ಟೊಜೂಲ್. ರಿಂಗೋ ಮಾಖ್-ಝೆಂಡರೋ ಅಂತ ಜಗಳವಾಡಿದ ಅಂಕಿಗಿಂತ ಈ ಒಂದು ಕಾಲಂ ದೊಡ್ಡದು!

ಹಾಗಂತ ಎಲ್ಲ ಬಿಟ್ಟು ಇದರ ಹಿಂದೆ ಓಡುವಂತಿಲ್ಲ. ಚಿಪ್ ಇನ್ನೂ ಉದ್ದವೇ, ಮಿಲಿಮೀಟರಿನಿಂದ ಸೆಂಟಿಮೀಟರ್‌ವರೆಗೆ. ದಾರಿಯನ್ನು ಘಾಟಿಯ ರಸ್ತೆಯ ಹಾಗೆ ಮಡಚಿದರೂ ಜಾಗ ಬೇಕು. ಲಿಥಿಯಂ ಅಂದರೆ ಸಿಲಿಕಾನ್ ಕಾರ್ಖಾನೆಗಳಿಗೆ ಮೈಲಿಗೆ, ಯಂತ್ರಗಳನ್ನು ಕೆಡಿಸುತ್ತದೆ ಅಂತ ಒಳಗೆ ಬಿಡಲು ಹಿಂದೆಮುಂದೆ ನೋಡುತ್ತಾರೆ. ಬೆಳಕು ಹಿಡಿಯುವ ಡಿಟೆಕ್ಟರ್ ಇದರಲ್ಲೇ ಮಾಡಲಾಗದು, ಬೇರೆ ತಂದು ಜೋಡಿಸಬೇಕು. ಸ್ಥಿರ ವೋಲ್ಟೇಜ್ ಕೊಟ್ಟು ನಿಲ್ಲಿಸಿದರೆ ಗಂಟೆಗಳಲ್ಲಿ ನಿಧಾನಕ್ಕೆ ಜಾರುತ್ತದೆ. ಅದಕ್ಕೇ ಇಲ್ಲೂ ಹಲವರು ಹೀಟರ್ ಇಟ್ಟು ನಿಲ್ಲಿಸುತ್ತಾರೆ. ಹೀಟರಿನಿಂದ ಯಾರಿಗೂ ಪೂರ್ತಿ ಬಿಡುಗಡೆ ಇಲ್ಲ.

ಲೇನಿಗೆ 200 ಗಿಗಾಬಿಟ್ ಮತ್ತು ಅದರ ಮೇಲೆ ಹೋಗುವವರಿಗೆ ನನ್ನ ಓಟು ಇದಕ್ಕೆ. ಅದರಲ್ಲೂ ಡಿಎಸ್‌ಪಿ ತೆಗೆದುಹಾಕಿ ಸಿಗ್ನಲನ್ನು ಹಾಗೇ ಕಳಿಸುವ ಎಲ್‌ಪಿಒ ಮಾಡ್ಯೂಲ್‌ಗಳಿಗೆ. ತಪ್ಪು ತಿದ್ದಲು ಡಿಎಸ್‌ಪಿ ಇಲ್ಲದಾಗ ಮಾಡ್ಯುಲೇಟರ್ ತಾನೇ ನೆಟ್ಟಗೆ ನಡೆಯಬೇಕಾಗುತ್ತದೆ.

ಉಳಿದವು, ಬೇಗ ಬೇಗ

ಇಂಡಿಯಂ ಫಾಸ್ಫೈಡ್ ಮಾಖ್-ಝೆಂಡರ್: ಸಣ್ಣದು, ಕಡಿಮೆ ವೋಲ್ಟಿನದು, ಲೇಸರ್, ಆಂಪ್ಲಿಫೈಯರ್ ಎಲ್ಲ ಒಂದೇ ಹರಳಿನ ಮೇಲೆ. ದುಬಾರಿ. ದೂರದ ಕೊಹೆರೆಂಟ್ ಲಿಂಕ್ (ಬೆಳಕಿನ ಪ್ರಮಾಣದ ಜೊತೆ ಅಲೆಯ ಹಂತದಲ್ಲೂ ಮಾಹಿತಿ ಕಳಿಸುವುದು) ಮಾಡುವವರು ಮಾತ್ರ ತಲೆಕೆಡಿಸಿಕೊಂಡರೆ ಸಾಕು.

ಪ್ಲಾಸ್ಮೊನಿಕ್: ಲೋಹದ ಸಂದಿಯಲ್ಲಿ ಪಾಲಿಮರ್ ತುಂಬಿ ಬೆಳಕನ್ನು ಹಿಂಡಿ ಕಳಿಸುವುದು. 2015ರಲ್ಲಿ ಜ್ಯೂರಿಕ್‌ನ ಇಟಿಎಚ್ ತಂಡ ಮಾಡಿದ್ದು 10 ಮೈಕ್ರೊಮೀಟರ್ ಉದ್ದ, 70 ಗಿಗಾಹರ್ಟ್ಸ್. ಓದಿದಾಗ ನಾನು ಎದ್ದು ನಿಂತಿದ್ದೆ. ಆದರೆ ಲೋಹ ಬೆಳಕನ್ನು ಜಾಸ್ತಿ ನುಂಗುತ್ತದೆ, ಮೇಲಿನ ಲೇಸರ್ ಲೆಕ್ಕ ಇಲ್ಲಿ ಉಲ್ಟಾ ಹೊಡೆಯುತ್ತದೆ. ಪಾಲಿಮರ್ ಬಿಸಿಗೂ ಗಾಳಿಗೂ ವರ್ಷಗಟ್ಟಲೆ ತಡೆಯಬೇಕು. ಬೇರಿಯಂ ಟೈಟನೇಟ್‌ನಲ್ಲಿ ಪಾಕೆಲ್ಸ್ ಪರಿಣಾಮ ಲಿಥಿಯಂ ನಯೋಬೇಟ್‌ನ ಹಲವು ಪಟ್ಟು, ಸಿಲಿಕಾನಿನ ಮೇಲೆ ಬೆಳೆಸಲೂ ಬರುತ್ತದೆ. ಬೆಳೆಯುವ ಮಗು. ಗ್ರಾಫೀನ್ 2011ರಿಂದ ಸುದ್ದಿಯಲ್ಲಿದೆ, ಸುದ್ದಿಯಲ್ಲೇ ಇದೆ.

ದೂರ ಕೇಳದೆ ಆರಿಸಬೇಡಿ

ಹುಡುಗನಿಗೆ ಮುಂಬಯಿ ನಕಾಶೆ ಹಿಡಿದೇ ಹೇಳಿದೆ. ಐರೋಲಿಯ ಒಂದೇ ಕಟ್ಟಡದ ಒಳಗೆ, 500 ಮೀಟರ್ ತನಕ, ಸಿಲಿಕಾನ್ ಮಾಖ್-ಝೆಂಡರ್ ಇಲ್ಲವೇ ಇಎಂಎಲ್. ಐರೋಲಿಯಿಂದ ಮಹಾಪೆಗೆ, ಹತ್ತು ಕಿಲೋಮೀಟರ್ ಒಳಗೆ, ಇಎಂಎಲ್. ಇಲ್ಲೆಲ್ಲ 1310 ನ್ಯಾನೊಮೀಟರ್ ಬೆಳಕು, ಆ ಬಣ್ಣ ಫೈಬರಿನಲ್ಲಿ ಹರಡುವುದು ತೀರಾ ಕಡಿಮೆ.

ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ಗೆ ಹೋಗಬೇಕಾದರೆ ಕತೆ ಬೇರೆ. ಫೈಬರ್ ನೇರ ಹೋಗುವುದಿಲ್ಲ, ಸುತ್ತಿ ಬಳಸಿ 30-40 ಕಿಲೋಮೀಟರ್ ಆಗಿಬಿಡಬಹುದು. ಕಡಿಮೆ ನಷ್ಟದ 1550 ನ್ಯಾನೊಮೀಟರ್‌ಗೆ ಹೋದರೆ ಬಣ್ಣಗಳು, ಅಗಲದ ಪ್ರತಿ ನ್ಯಾನೊಮೀಟರಿಗೆ, ಕಿಲೋಮೀಟರಿಗೆ 17 ಪಿಕೊಸೆಕೆಂಡಿನ ದರದಲ್ಲಿ ಹರಡುತ್ತವೆ. ಸೆಕೆಂಡಿಗೆ 50 ಗಿಗಾ ಸಿಂಬಲ್ (ಬೆಳಕಿನ ಒಂದೊಂದು ಮಿಡಿತ) ಕಳಿಸಿದರೆ ಒಂದೊಂದರ ಅವಧಿ 20 ಪಿಕೊಸೆಕೆಂಡ್. ಅದರ ಬಣ್ಣದ ಅಗಲ ಸುಮಾರು 0.4 ನ್ಯಾನೊಮೀಟರ್. ಗುಣಿಸಿ ನೋಡಿ, ಮೂರು ಕಿಲೋಮೀಟರಿಗೇ ಒಂದು ಸಿಂಬಲ್ ಪಕ್ಕದವನ ಮೈಮೇಲೆ ಪೂರ್ತಿ ಬಿದ್ದಿರುತ್ತದೆ. ಬೆಳಿಗ್ಗೆ 8.30ರ ಡೊಂಬಿವಲಿ ಲೋಕಲ್! ಇಲ್ಲಿಂದ ಮುಂದೆ ಕೊಹೆರೆಂಟ್ ಬೇಕು. 2020ರಲ್ಲಿ ಬಂದ 400ಝಡ್‌ಆರ್ ಮಾನದಂಡ ಇದಕ್ಕೇ, ಆಂಪ್ಲಿಫೈಯರ್ ಇಟ್ಟು 120 ಕಿಲೋಮೀಟರ್ ತನಕ. ಅಲ್ಲಿ ಸಿಲಿಕಾನ್ ಮಾಖ್-ಝೆಂಡರೋ ಇಂಡಿಯಂ ಫಾಸ್ಫೈಡೋ ಅನ್ನುವುದನ್ನು ಮಾಡ್ಯೂಲ್ ಮಾಡುವವರೇ ನಿರ್ಧರಿಸಿರುತ್ತಾರೆ, ನೀವು ವಾಟ್ ನೋಡಿದರೆ ಸಾಕು. ಖಂಡಾಲಾ ಘಾಟಿ ಹತ್ತಿ ಪುಣೆಗೆ ಹೋಗಬೇಕಾದರೆ ಅದೂ ಸಾಲದು, ಇನ್ನೂ ಗಟ್ಟಿ ಕೊಹೆರೆಂಟ್ ಬೇಕು. ವರ್ಸೋವಾದಲ್ಲಿ ದಡ ಹತ್ತುವ ಸಮುದ್ರದ ಕೇಬಲ್‌ಗಳಿಗೆ ಕರೆಂಟಿನ ಬರ ಇರುವುದು ನೀರಿನ ಕೆಳಗಿನ ರಿಪೀಟರ್‌ಗಳಲ್ಲಿ. ಮಾಡ್ಯುಲೇಟರ್ ಇರುವುದು ದಡದಲ್ಲಿ, ಅಲ್ಲಿ ಬಿಟ್‌ನ ಶುದ್ಧಿ ಮೊದಲು, ಫೆಮ್ಟೊಜೂಲ್ ಆಮೇಲೆ.

ಪುಣೆಯವರಿಗೆ ಇನ್ನೊಂದು ಉದಾಹರಣೆ ಹತ್ತಿರದಲ್ಲೇ ಇದೆ. ನಾರಾಯಣಗಾಂವ್ ಹತ್ತಿರ ಖೋಡದ್‌ನ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಲ್ಲಿ 45 ಮೀಟರಿನ 30 ಡಿಶ್‌ಗಳಿವೆ. ಅವು ಹಿಡಿದ ಸಿಗ್ನಲ್ ಫೈಬರಿನಲ್ಲಿ ಅನಲಾಗ್ ಆಗಿಯೇ ಕೇಂದ್ರಕ್ಕೆ ಬರುತ್ತದೆ. ಅಲ್ಲಿ ಒಂದು, ಸೊನ್ನೆ ಇಲ್ಲ. ಅಂಥ ಕೆಲಸಕ್ಕೆ ಬಿಟ್‌ಗೆ ಎಷ್ಟು ಅನ್ನುವ ಪ್ರಶ್ನೆಯೇ ಹುಟ್ಟುವುದಿಲ್ಲ. ಕೊಟ್ಟದ್ದನ್ನು ಸೊಟ್ಟ ಮಾಡದೆ ಕೊಡುತ್ತದೆಯೇ ಅನ್ನುವುದೊಂದೇ ಪ್ರಶ್ನೆ.

ಊಟ ಮುಗಿಸಿ ಹುಡುಗ ಹಾಳೆಗೆ ಮೂರು ಕಾಲಂ ಕೂಡಿಸಿದ. ಹೀಟರ್, ಲೇಸರ್, ಡ್ರೈವರ್. ಅವನ ಕಾರ್ಡು ಓಡಬೇಕಾದದ್ದು 500 ಮೀಟರ್, ಗಿರಾಕಿಯ ಪೆಟ್ಟಿಗೆಯಲ್ಲಿ, ಗಿರಾಕಿಯ ಫ್ಯಾನಿನ ಗಾಳಿಯಲ್ಲಿ. ಹಸಿರು ಬಣ್ಣ ಕೆಳಗಿಳಿದು ಸಿಲಿಕಾನ್ ಮಾಖ್-ಝೆಂಡರ್ ಸಾಲಿಗೆ ಬಂತು, ಪಕ್ಕದಲ್ಲಿ ತೆಳು ಪದರದ ಲಿಥಿಯಂ ನಯೋಬೇಟ್‌ಗೆ ಒಂದು ಹಳದಿ. ಆದರೂ ರಿಂಗಿನ ಮೇಲೆ ಅವನಿಗೆ ಆಸೆ ಹೋಗಿಲ್ಲ. ಕಲ್ಯಾಣದಲ್ಲಿ ಪುಣೆ ರೈಲು ಕಾಯುತ್ತಲೇ ಮಾರಾಟಗಾರರಿಗೆ ಮೇಲ್ ಹಾಕಿದ: ಪ್ರತಿ ರಿಂಗಿಗೆ ಹೀಟರ್ ಎಷ್ಟು ಮಿಲಿವಾಟ್ ತಿನ್ನುತ್ತದೆ, ಅತಿ ಕೆಟ್ಟ ಚಿಪ್ಪಿನಲ್ಲಿ, 70 ಡಿಗ್ರಿಯಲ್ಲಿ?

ಗುರುವಾರ ಉತ್ತರ ಬಂತಂತೆ. ನನಗೆ ಫಾರ್ವರ್ಡ್ ಮಾಡಿದ್ದಾನೆ. ಹೀಟರಿನ ಖರ್ಚನ್ನು ಕೂಲಿಂಗ್ ಲೆಕ್ಕಕ್ಕೆ ಹಾಕಿಕೊಳ್ಳಿ ಅಂತ ಮಾರಾಟಗಾರರು ಬರೆದಿದ್ದಾರೆ.